ದೀಪ ಹಚ್ಚಿದ ಮೇಲೆ ಕೇಳಿದ ಪ್ರಶ್ನೆ

ಆ ಹಟ್ಟಿಯ ಮುದುಕರೆಲ್ಲರಿಗೂ ಮರೆವಿನ ಕಾಯಿಲೆ ಇದೆ ಎಂದು ನಮ್ಮ ಡಾಕ್ಟರು ತೀರ್ಮಾನಿಸಿದ ಸಂಜೆ ನನ್ನ ಚಪ್ಪಲಿಯ ಉಂಗುಟ ಕಿತ್ತುಹೋಗಿತ್ತು. ಎರಡರಲ್ಲಿ ನನಗೆ ಚಪ್ಪಲಿಯ ಚಿಂತೆಯೇ ದೊಡ್ಡದಾಗಿತ್ತು. ಜೀಪು ನಿಲ್ಲಿಸಿದ್ದ ರಸ್ತೆಗೆ ಇನ್ನೂ ಅರ್ಧ ದಾರಿ ಇತ್ತು. ಕಲ್ಲು ನೆಲ, ಅದರ ಮೇಲೆ ಜಾಲಿ ಮುಳ್ಳು. ಡಾಕ್ಟರು ಮುಂದೆ ಮುಂದೆ ಹುರುಪಿನಿಂದ ಮಾತಾಡುತ್ತ ನಡೆಯುತ್ತಿದ್ದರು, ನಾನು ಒಂದು ಚಪ್ಪಲಿ ಕೈಯಲ್ಲಿ ಹಿಡಿದು ಕುಂಟುತ್ತಿದ್ದೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಸೇಲಂನ ಒಂದು ಆಸ್ಪತ್ರೆಯವರು ಸೇಲಂ ಮತ್ತು ಧರ್ಮಪುರಿ ಜಿಲ್ಲೆಗಳಲ್ಲಿ ವಯಸ್ಸಾದವರ ನೆನಪಿನ ಶಕ್ತಿ ಪರೀಕ್ಷಿಸುವ ಕೆಲಸ ಹಿಡಿದಿದ್ದರು. 'ಅರವತ್ತಕ್ಕೆ ಅರಳು ಮರಳು' ಎಂದು ಮನೆಯವರು ಸುಮ್ಮನಾಗುವ ಮೊದಲೇ ಕಾಯಿಲೆಯನ್ನು ಗುರುತಿಸಬೇಕು ಎಂಬುದು ಉದ್ದೇಶ. ತಂಡವೆಂದರೆ ಡಾಕ್ಟರು, ಜೀಪಿನ ಡ್ರೈವರು, ನಾನು, ಅಷ್ಟೇ. ಡಾಕ್ಟರು ತಮಿಳರು. ನಾನು ಸೇಲಂನ ನೇಕಾರರ ಮನೆಯವಳು, ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತಮಿಳು. ಕನ್ನಡದ ಮನೆಗಳಲ್ಲಿ ನಾನು ಪ್ರಶ್ನೆ ಕೇಳಬೇಕು, ಅವರು ಪಕ್ಕದಲ್ಲಿ ಕೂತು ಅಂಕ ಹಾಕುತ್ತಾರೆ.

ಪರೀಕ್ಷೆಯ ಕ್ರಮ ಹೀಗಿತ್ತು. ಮೊದಲು ಹೆಸರು, ಇವತ್ತು ಯಾವ ವಾರ, ಸಂತೆ ಯಾವತ್ತು ಎಂದು ಕೇಳುವುದು. ಆಮೇಲೆ ಬೆರಳು ಮಡಿಸದೆ ಹಿಂದಿನಿಂದ ಎಣಿಸಲು ಹೇಳುವುದು. ಕೊನೆಗೆ ಮೂರು ವಸ್ತುಗಳ ಹೆಸರು ಹೇಳಿ, ಎಲೆ ಅಡಿಕೆ ಹಾಕಿಕೊಳ್ಳುವಷ್ಟು ಹೊತ್ತು ಬಿಟ್ಟು, ಅವು ಯಾವುವು ಎಂದು ತಿರುಗಿ ಕೇಳುವುದು. ಇಂಗ್ಲಿಷ್ ಪುಸ್ತಕದಲ್ಲಿ ಸೇಬು, ಮೇಜು ಎಂದೆಲ್ಲ ಇತ್ತು. ಸೇಬನ್ನೇ ಕಾಣದವರು ಅದನ್ನು ಮರೆತರೇನು, ನೆನಪಿಟ್ಟರೇನು? ಡಾಕ್ಟರು ಅದನ್ನು ಹೊಡೆದುಹಾಕಿ, ಬಡವರ ಮನೆಯಲ್ಲೂ ಇರುವ ಮೂರು ವಸ್ತುಗಳನ್ನು ಆರಿಸಿದ್ದರು: ಉಪ್ಪು, ಸೂಜಿ, ಸುಣ್ಣ. ಹೇಳಿದ ಕೂಡಲೆ ಒಮ್ಮೆ ಅವರ ಬಾಯಲ್ಲೇ ಹೇಳಿಸಬೇಕು ಎಂದೂ ಪುಸ್ತಕದಲ್ಲಿತ್ತು. ಎಳೆ ಮಕ್ಕಳಿಗೆ ಪಾಠ ಒಪ್ಪಿಸಿಕೊಂಡ ಹಾಗಾಗುತ್ತದೆ, ಮುದುಕರು ರೇಗುತ್ತಾರೆ ಎಂದು ಡಾಕ್ಟರು ಅದನ್ನು ಬಿಟ್ಟರು.

ಸೇಲಂನ ನೇಕಾರರ ಬೀದಿಗಳಲ್ಲಿ ಈ ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಹಗಲು ಹೊತ್ತು ಮಗ್ಗದ ಗುಂಡಿಯಲ್ಲಿ ಕಾಲಿಳಿಬಿಟ್ಟುಕೊಂಡೇ ಅಜ್ಜಂದಿರು ಉತ್ತರ ಹೇಳಿದರು. ಓಮಲೂರಿನ ಕಡೆಯೂ ತೊಂದರೆಯಾಗಲಿಲ್ಲ. ಆಮೇಲೆ ಹರೂರು ದಾಟಿ ಈ ಕುರಿ ಕಾಯುವವರ ಹಟ್ಟಿಗೆ ಬಂದೆವು. ಇಲ್ಲಿ ಹಗಲು ನಾಯಿ ಬಿಟ್ಟರೆ ಯಾರೂ ಸಿಗುತ್ತಿರಲಿಲ್ಲ. ಎಪ್ಪತ್ತು ದಾಟಿದವರೂ ಕುರಿಯ ಹಿಂದೆ ಗುಡ್ಡಕ್ಕೆ ಹೋಗುವವರೇ. ಹೀಗಾಗಿ ಪರೀಕ್ಷೆಯನ್ನು ಸಂಜೆಗೆ ಇಟ್ಟುಕೊಂಡೆವು. ಕುರಿ ರೊಪ್ಪಕ್ಕೆ ಸೇರಿ, ಮನೆಗಳಲ್ಲಿ ದೀಪ ಹಚ್ಚಿದ ಮೇಲೆ ನಮ್ಮ ಕೆಲಸ ಶುರು.

ಮೊದಲು ಕೂತವರು ಹಟ್ಟಿಯ ಯಜಮಾನರು. ನ್ಯಾಯ ಪಂಚಾಯ್ತಿ ಎಲ್ಲ ಅವರದೇ. ವಾರ ಹೇಳಿದರು, ಸಂತೆ ಹೇಳಿದರು, ಹಿಂದಿನಿಂದ ನನಗಿಂತ ಬೇಗ ಎಣಿಸಿದರು. ನಾನು ಮೂರು ವಸ್ತುಗಳ ಹೆಸರು ಹೇಳಿದಾಗ ಮಾತ್ರ ಒಂದು ಥರಾ ಕುತ್ತಿಗೆ ಕೊಂಕಿಸಿ ನೆಲ ನೋಡಿದರು. ಆಮೇಲೆ ಎಲೆ ತೆಗೆದು, ಸುಣ್ಣದ ಡಬ್ಬಿಗೆ ಬೆರಳು ಹಾಕಿ, ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡರು. ನಾನು ಕೇಳಿದೆ.

"ಯಜಮಾನ್ರೇ, ಆಗ ಹೇಳಿದ್ನಲ್ಲ, ಆ ಮೂರು ಏನೇನು?"

"ಮರ್ತೋಯ್ತು ಕಣವ್ವಾ."

"ಒಂದಾದ್ರೂ ನೆನಪಿಗೆ ಬರಲ್ವಾ?"

"ಇಲ್ಲ ತಾಯಿ. ವಯ್ಸಾಯ್ತಲ್ಲಾ." ಹಾಗೆನ್ನುತ್ತ, ಬೆರಳಿಗೆ ಮೆತ್ತಿದ್ದ ಸುಣ್ಣವನ್ನು ಕಂಬಕ್ಕೆ ಒರೆಸಿದರು.

ಡಾಕ್ಟರ ಪೆನ್ನು ನಿಂತುಹೋಯಿತು. ಸುಣ್ಣವನ್ನು ಬೆರಳಲ್ಲಿಟ್ಟುಕೊಂಡು ಸುಣ್ಣ ಮರೆಯುವುದೆಂದರೆ ಸಾಮಾನ್ಯವೇ? ಮುಂದಿನವರೂ 'ಮರ್ತೋಯ್ತು' ಅಂದರು. ಅದರ ಮುಂದಿನವರೂ ಅಂದರು. ಆ ಸಂಜೆ, ಮಾರನೆಯ ಸಂಜೆ, ಅದರ ಮಾರನೆಯ ಸಂಜೆ ಎಲ್ಲ ಅದೇ ಕಥೆ. ಯಾರ ಮುಖದಲ್ಲೂ ಗಾಬರಿಯಿಲ್ಲ, ಎಲ್ಲರದೂ ಅದೇ ಸಂಕೋಚದ ನಗು. ಬೇರೆಲ್ಲ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದ ಮನುಷ್ಯ ಈ ಒಂದಕ್ಕೆ ಮಾತ್ರ ಸೋಲುತ್ತಿದ್ದ.

ಡಾಕ್ಟರಿಗೆ ನಿದ್ದೆ ಬರಲಿಲ್ಲವಂತೆ. ಇದು ಬಾವಿಯ ನೀರಿನ ದೋಷವಿರಬಹುದು, ಕುರಿಯಿಂದ ಹತ್ತಿದ ಯಾವುದೋ ಸೋಂಕಿರಬಹುದು ಎಂದು ಲೆಕ್ಕ ಹಾಕಿದರು. ನೀರನ್ನು ಬಾಟಲಿಗೆ ತುಂಬಿಸಿದೆವು, ಜೀಪು ಕುಲುಕಿದ ಹೊಡೆತಕ್ಕೆ ಅದು ನನ್ನ ಸೀರೆಯ ಮೇಲೆಲ್ಲ ಚೆಲ್ಲಿತು. ಮತ್ತೆ ಹೋಗಿ ತುಂಬಿಸಿದೆವು. ದಿನವೂ ಆ ಕಲ್ಲುದಾರಿ, ದಿನವೂ ಅದೇ ಮೂರು ಪದ. ಅವನ್ನು ಹೇಳೀ ಹೇಳೀ ನನ್ನ ನಾಲಿಗೆಗೆ ರುಚಿಯೇ ಹೋಗಿತ್ತು. ಮನೆಗೆ ಹೋದರೆ ಯಾರೊಂದಿಗೂ ಮಾತು ಬೇಡ ಅನ್ನಿಸುತ್ತಿತ್ತು.

ಕೊನೆಗೆ ಉಳಿದದ್ದು ಹಟ್ಟಿಯ ಅಂಚಿನ ಮನೆಯ ಅಜ್ಜಿ. ಮಗ ದೂರದ ಹುಲ್ಲುಗಾವಲಿಗೆ ಕುರಿ ಹೊಡೆದುಕೊಂಡು ಹೋಗಿದ್ದ, ಮನೆಯಲ್ಲಿ ಅವಳೂ ಸೊಸೆಯೂ ಮಾತ್ರ. ಅಜ್ಜಿ ಗಟ್ಟಿಮುಟ್ಟಾಗಿದ್ದಳು. ನನ್ನನ್ನು ಕಂಡವಳೇ ಹತ್ತಿರ ಬಂದು ನನ್ನ ಸೀರೆಯ ಸೆರಗು ಹಿಡಿದು ತಿಕ್ಕಿ ನೋಡಿ, "ಎಷ್ಟು ಕರ್ರಗಿದ್ದೀಯೇ, ನಿನ್ನ ಯಾರು ಕಟ್ಕೊಂಡ?" ಅಂದಳು. ಯಜಮಾನರು ನಮ್ಮನ್ನು ಕರೆತಂದು ಬಾಗಿಲಲ್ಲಿ ನಿಂತಿದ್ದರು, ಅವರು ಮುಖ ತಿರುಗಿಸಿದರು. ನಾನು ಪ್ರಶ್ನೆ ಮುಗಿಸಿ, ಎಲೆ ಅಡಿಕೆಯ ಹೊತ್ತು ಬಿಟ್ಟು, ಕೇಳಿದೆ.

"ಉಪ್ಪು, ಸೂಜಿ, ಸುಣ್ಣ" ಅಂದಳು ಅಜ್ಜಿ, ಒಂದೇ ಉಸಿರಿಗೆ. ಇನ್ನೊಂದು ಸಲವೂ ಹೇಳಿ ನಕ್ಕಳು.

ಸೊಸೆ ದೀಪವನ್ನೆತ್ತಿಕೊಂಡು ಒಳಕ್ಕೆ ಹೋಗಿಬಿಟ್ಟಳು. ಕತ್ತಲಲ್ಲೇ ಡಾಕ್ಟರು ಸಂತೋಷದಿಂದ, "ಇಂದ ಅಮ್ಮಾ ಮೂಳೈ ರೊಂಬ ನಲ್ಲಾ ಇರುಕ್ಕು" ಅಂದರು. ಈ ತಾಯಿಯ ಮಿದುಳು ಬಲು ಚೆನ್ನಾಗಿದೆ ಎಂದು. ತಮಿಳು ಅಲ್ಲಿ ಯಾರಿಗೆ ತಿಳಿಯದು? ಯಜಮಾನರು ತಲೆಯಾಡಿಸಿ ಕೇಳಿಕೊಂಡರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನಮ್ಮ ಮುತ್ತು ಆಗ ಒಡೆಯಿತು.

ಕೆಲವು ದಿನ ಬಿಟ್ಟು, ಎಲ್ಲರ ರಕ್ತ ತೆಗೆಯಲು ಹಗಲಲ್ಲೇ ಹೋದೆವು. ಯಜಮಾನರು ಗುಡ್ಡದ ಬುಡದಲ್ಲಿ ಕುರಿ ಬಿಟ್ಟುಕೊಂಡು ನಿಂತಿದ್ದರು. ಡಾಕ್ಟರು ಜೀಪಿನ ಬಳಿ ಸೂಜಿ ಕುದಿಸುತ್ತಿದ್ದರು, ಇವರನ್ನು ಒಪ್ಪಿಸಿ ಕರೆತರಲು ನಾನು ಹೋದೆ. ಅವರು ರಕ್ತದ ಮಾತೇ ಎತ್ತಲಿಲ್ಲ.

"ಚೆನ್ನಾಗಿ ಏಳ್ಬುಟ್ರು ಕಣವ್ವಾ ನಿಮ್ ಡಾಕ್ಟ್ರು. ಆಯಮ್ಮಂಗೆ ತಲೆ ಕೆಟ್ಟೈತೋ, ಬೇಕಂತ ಮಾಡ್ತಾಳೋ ಅಂತ ನಮ್ಗೂ ಒಂದ್ ಸಂದೇಗಂ ಇತ್ತು. ಈಗ ಬಿಡ್ತು. ಬರೋ ಅಮಾಸೆಗೆ ಕಟ್ಟೆ ಸೇರಿಸಿ ಅಟ್ಟಿಯಿಂದ ಆಚೆ ಆಕ್ತೀವಿ."

ನನಗೆ ಏನೂ ಅರ್ಥವಾಗಲಿಲ್ಲ. ಅವರೇ ಬಿಡಿಸಿ ಹೇಳಿದರು. ಅಜ್ಜಿ ಕಂಡವರ ಮನೆಗೆ ನುಗ್ಗಿ ಗಡಿಗೆಗೆ ಕೈ ಹಾಕಿ ತಿನ್ನುತ್ತಾಳೆ. ಭಾವನಾದವನನ್ನು ಹೆಸರು ಹಿಡಿದು ಕೂಗುತ್ತಾಳೆ. ಈಚೆಗೆ ಬೀರಪ್ಪನ ಗುಡಿಗೆ ನುಗ್ಗಿ, ದೇವರಿಗಿಟ್ಟ ಬೆಲ್ಲವನ್ನು ಪೂಜೆಗೆ ಮೊದಲೇ ತಿಂದಿದ್ದಾಳೆ. ಆಚೆ ಹಾಕಿದರೆ ಅವಳು ಗುಡ್ಡದ ಮಗ್ಗುಲಲ್ಲಿ ಒಂಟಿ ಗುಡಿಸಲಲ್ಲಿರಬೇಕು, ಬೆಂಕಿ ನೀರು ಯಾರೂ ಕೊಡುವಂತಿಲ್ಲ. ಮಗ ಕೊಟ್ಟರೆ ಮಗನೂ ಆಚೆಗೆ.

"ತಲೆ ಸರಿಯಾಗಿದ್ದೂ ಇಂಗ್ ಮಾಡುದ್ರೆ ಅದು ಕೊಬ್ಬು. ನೀವೇ ನೋಡುದ್ರಲ್ಲಾ, ದೀಪ ಅಚ್ಚಿದ್ ಮ್ಯಾಲೆ ಏನ್ ಅಂದ್ಲು ಅಂತ."

"ಏನಂದಳು?"

ಯಜಮಾನರು ಒಮ್ಮೆ ಸೂರ್ಯನ ಕಡೆ ನೋಡಿದರು. "ಉಪ್ಪು, ಸೂಜಿ, ಸುಣ್ಣ ಅನ್ಲಿಲ್ವಾ?"

"ನಿಮಗೆ ನೆನಪಿದೆಯಾ?"

"ಮರೆಯಾಕೇನೈತವ್ವಾ ಅದ್ರಾಗೆ? ದಿನಾ ನೀವೇ ಕೂಗ್ತಿದ್ರಿ. ದೀಪ ಅಚ್ಚಿದ್ ಮ್ಯಾಲೆ ಅವ್ನೆಲ್ಲಾ ಎಸ್ರು ಎತ್ಬಾರ್ದು, ಲಚ್ಮಿ ಓಗ್ಬುಡ್ತಾಳೆ. ನೀವು ಓದ್ದೋರು, ಸರ್ಕಾರದೋರು. ಮನೆಗ್ ಬಂದೋರ್ನ ತಪ್ಪು ಅಂತ ಎಂಗ್ ಅನ್ನಾದು? ಮರ್ತೋಯ್ತು ಅಂದ್ವಿ."

ನಾನು ಅಲ್ಲೇ ಒಂದು ಬಂಡೆಯ ಮೇಲೆ ಕೂತೆ. ನನ್ನ ತಾಯಿಯೂ ಅಷ್ಟೇ, ದೀಪ ಹಚ್ಚಿದ ಮೇಲೆ ಉಪ್ಪಿಗೆ 'ರುಚಿ' ಎನ್ನುವವಳು. ನಮ್ಮ ಬೀದಿಯಲ್ಲಿ ಪರೀಕ್ಷೆ ಹಗಲು ನಡೆದದ್ದರಿಂದ ಅದು ಅಡ್ಡ ಬರಲಿಲ್ಲ, ನನಗೆ ಹೊಳೆಯಲೂ ಇಲ್ಲ. ಇಲ್ಲಿ ಮನೆ ಮನೆಯಲ್ಲೂ, ದೀಪದ ಮುಂದೆ ಕೂತು, ನಾನೇ ಅದನ್ನು ಕೂಗಿಕೊಂಡು ಬಂದಿದ್ದೆ. ಅವರು ನಮ್ಮ ಮರ್ಯಾದೆ ಉಳಿಸಲು ತಮ್ಮನ್ನೇ ಮರೆಗುಳಿಗಳೆಂದು ಒಪ್ಪಿಕೊಂಡಿದ್ದರು.

ಡಾಕ್ಟರಿಗೆ ಹೇಳಿದೆ. ಅವರು ಉರಿಯುತ್ತಿದ್ದ ಸ್ಟೌವನ್ನು ಆರಿಸಿ ಜೀಪಿನ ಮೆಟ್ಟಿಲ ಮೇಲೆ ಕುಸಿದರು. ಪಾಪ, ಆ ಹಟ್ಟಿಯ ಬಗ್ಗೆ ಮೇಲಿನವರಿಗೆ ಆಗಲೇ ಬರೆದಿದ್ದರು. ಆಮೇಲೆ, "ಎಲ್ಲಾ ತಿರುಂಬಿ ಮಾಡೋಣ" ಎಂದು ತಮಿಳು ಕನ್ನಡ ಬೆರೆಸಿ ಅಂದರು. ಮತ್ತೆ ಮಾಡಿದೆವು. ಈ ಸಲ ಹಗಲಲ್ಲಿ, ಕುರಿಯ ಹಿಂದೆಯೇ ಗುಡ್ಡ ಹತ್ತಿ ಇಳಿದು, ಬಿಸಿಲಲ್ಲಿ. ಒಂದಿಬ್ಬರು ತೀರ ಹಣ್ಣಾದವರನ್ನು ಬಿಟ್ಟರೆ ಎಲ್ಲರೂ ಮೂರೂ ಹೇಳಿದರು. ನನ್ನ ಹಿಮ್ಮಡಿ ಒಡೆದು ರಕ್ತ ಬರುತ್ತಿತ್ತು. ಡಾಕ್ಟರ ಮುಖದಲ್ಲಿ ಹುರುಪಿನ ಸುಳಿವೂ ಇರಲಿಲ್ಲ.

ಆಗ ಉಳಿದ ಪ್ರಶ್ನೆ ಅಜ್ಜಿಯದು. ಇಡೀ ಹಟ್ಟಿ ಬಾಯಿ ಕಟ್ಟಿ ಕೂತಾಗ ಅವಳೊಬ್ಬಳು ಹೇಗೆ ಅಂದಳು? ನೆನಪಿನಲ್ಲಿ ಅವಳಿಗೆ ಊನವಿರಲಿಲ್ಲ, ಅನ್ನಬಾರದು ಎಂಬ ತಡೆಯೇ ಇರಲಿಲ್ಲ. ಡಾಕ್ಟರು, ಇಂಥದೊಂದು ಕಾಯಿಲೆ ಉಂಟು ಎಂದರು. ಅಪರೂಪದ್ದು. ಅದರಲ್ಲಿ ಮಿದುಳಿನ ಮುಂಭಾಗ ಸವೆಯುತ್ತದೆ, ನೆನಪು ಕೊನೆಗೆ ಹೋಗುತ್ತದೆ, ಮೊದಲು ಹೋಗುವುದು ನಾಚಿಕೆ, ಮರುಕ, ಮರ್ಯಾದೆ. ನೆರೆಯವರು ಅದನ್ನು ಕಾಯಿಲೆ ಅನ್ನುವುದಿಲ್ಲ, ಕೆಟ್ಟ ಗುಣ ಅನ್ನುತ್ತಾರೆ. ಆದರೆ ಇದು ಅದೇ ಎಂದು ಹೇಳಬೇಕಾದರೆ ಅವಳು ಮೊದಲು ಹೇಗಿದ್ದಳು ಎಂದು ತಿಳಿಯಬೇಕು. ಮಗ ಊರಲ್ಲಿಲ್ಲ, ಅದನ್ನು ಮನೆಯೊಳಗಿಂದ ಕಂಡು ಹೇಳಬಲ್ಲವಳು ಸೊಸೆ ಒಬ್ಬಳೇ.

ಸೊಸೆ ರಾಗಿ ಬೀಸುತ್ತಿದ್ದಳು. ನಾನು ಕೇಳಿದೆ. ಕಲ್ಲು ತಿರುಗುತ್ತಲೇ ಇತ್ತು. ನಾನೂ ಇನ್ನೊಂದು ಕೈ ಹಾಕಿ ಬೀಸತೊಡಗಿದೆ. ಆಗ ಅವಳು ಮುಖ ಎತ್ತದೆ ಹೇಳಿದಳು.

"ನಾನ್ ಮದ್ವೆಯಾಗ್ ಬಂದಾಗ ಇಂಗಿರ್ಲಿಲ್ಲಕ್ಕಾ. ದೀಪ ಅಚ್ಚಿದ್ ಮ್ಯಾಲೆ ಒಂದ್ಸಲ ನಾನೇ ಬಾಯ್ ತಪ್ಪಿ ಉಪ್ಪು ಅಂದ್ಬುಟ್ಟಿದ್ದೆ. ಅತ್ತೆ ನನ್ ಬಾಯಿಗೆ ಬೆಲ್ಲ ಇಕ್ಕಿ, ರುಚಿ ಅನ್ನು ಮಗಾ ಅಂತ ಏಳ್ಕೊಟ್ಲು. ಗುಡಿ ಸಾರ್ಸಾದು ಇವ್ಳೇಯಾ, ಅದ್ರ ಮುಂಚೆ ನೀರೂ ಕುಡೀತಿರ್ಲಿಲ್ಲ."

"ಯಾವಾಗಿನಿಂದ ಹೀಗಾದದ್ದು?"

"ನೆನಪಿಲ್ಲ. ಅಂಗೇ ಅಂಗೇ ಬಂತು." ಕಲ್ಲು ನಿಂತಿತು. "ನನ್ ಕೂಸು ಓಯ್ತು. ಮಣ್ಣು ಮಾಡಾಕೆ ಎತ್ಕೊಂಡೋಗೋವಾಗ ಎಲ್ರೂ ಅಳ್ತಾವ್ರೆ, ಇವ್ಳು ಬಾಗ್ಲಾಗ್ ನಿಂತು ನಗ್ತಾವ್ಳೆ. ಆವತ್ತಿಂದ ನಾನ್ ಇವ್ಳ ತಾವ ಒಂದ್ ಮಾತಾಡಿಲ್ಲ. ಕೂಳ್ ಇಕ್ತೀನಿ, ಮುಂದೆ ಕುಕ್ತೀನಿ, ಅಷ್ಟೇಯಾ. ಆಚೆ ಆಕ್ಲಿ ಬಿಡಕ್ಕಾ."

ನಾನು ಬಂದು ಡಾಕ್ಟರಿಗೆ ಎಲ್ಲ ಒಪ್ಪಿಸಿದೆ. ಅವರು ಸೇಲಂನಲ್ಲಿ ಪುಸ್ತಕಗಳನ್ನು ತಿರುವಿ ಹಾಕಿದರು, ಹಿರಿಯರೊಬ್ಬರನ್ನು ವಿಚಾರಿಸಿದರು. ಎಲ್ಲ ಹೊಂದುತ್ತದೆ ಎಂದರು. ಅಮಾವಾಸ್ಯೆಯ ದಿನ ನಾವೂ ಕಟ್ಟೆಗೆ ಹೋಗಿ ನಮ್ಮ ಮಾತು ವಾಪಸು ತೆಗೆದುಕೊಳ್ಳುವುದು ಎಂದಾಯಿತು. ಡಾಕ್ಟರಿಗೆ ಅದು ಸುಲಭವಿರಲಿಲ್ಲ.

ಬೇವಿನ ಮರದ ಕೆಳಗೆ ಕರಿ ಕಂಬಳಿ ಹಾಸಿ, ಅದರ ಮೇಲೆ ಅರಿಶಿನ ಹಾಕಿದ್ದರು. ಹಾಗೆ ಹಾಸಿದ ಮೇಲೆ ಅದು ಬೀರಪ್ಪನ ಗದ್ದಿಗೆ. ಗಂಡಸರು ಸುತ್ತ ಕೂತಿದ್ದರು, ಹೆಂಗಸರು ದೂರ. ಅಜ್ಜಿ ಮರದ ಬುಡಕ್ಕೆ ಒರಗಿ ಹುಣಸೆಬೀಜ ಅಗಿಯುತ್ತಿದ್ದಳು. ಅವಳ ಮುಖದಲ್ಲಿ ಚಿಂತೆಯ ಗೆರೆಯೂ ಇರಲಿಲ್ಲ. ನಾನು ಎದ್ದು, ಆವತ್ತು ನಮ್ಮ ಪರೀಕ್ಷೆಯೇ ತಪ್ಪಾಗಿತ್ತು, ಈಯಮ್ಮನಿಗೆ ಕಾಯಿಲೆ ಇದೆ, ಬೇಕೆಂದು ಮಾಡಿದ್ದಲ್ಲ ಎಂದೆ.

ಯಜಮಾನರು ಸಾವಧಾನವಾಗಿ ಕೇಳಿದರು. "ಆವತ್ತು ತಲೆ ಸರಿಗೈತೆ ಅಂದೋರೂ ನೀವೇಯಾ, ಇವತ್ತು ಕೆಟ್ಟೈತೆ ಅನ್ನೋರೂ ನೀವೇಯಾ. ನಾವ್ ಯಾವ್ದ ಇಡಿಯಾನ?"

"ಇವತ್ತಿನದು."

"ಅಂಗಾರೆ ಡಾಕ್ಟ್ರು ಕಂಬ್ಳಿ ಮುಟ್ಟಿ ಏಳ್ಲಿ."

ನಾನು ಡಾಕ್ಟರ ಕಡೆ ತಿರುಗಿದೆ. ಅವರು ತಗ್ಗಿದ ದನಿಯಲ್ಲಿ, "ಎನ್ನಾಲ ಸತ್ಯಂ ಪಣ್ಣ ಮುಡಿಯಾದು" ಅಂದರು. ತನ್ನಿಂದ ಪ್ರಮಾಣ ಮಾಡಲಾಗದು. ಈ ಕಾಯಿಲೆ ಖಚಿತವಾಗುವುದು ಸತ್ತ ಮೇಲೆ, ಮಿದುಳು ನೋಡಿದಾಗ. ಅದಕ್ಕೆ ಮೊದಲು 'ಇರುಕ್ಕಲಾಮ್' ಅನ್ನಬಹುದು, 'ಇರಬಹುದು' ಎಂದು. ಅವರು ಪ್ರಾಮಾಣಿಕರು, ಅದರಲ್ಲಿ ಸಂದೇಹವಿಲ್ಲ. ಆದರೆ ಆ ಕಟ್ಟೆಯ ಮೇಲೆ ಆ ಮಾತು ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಅದನ್ನು ಕೇಳಿ ಗಂಡಸರಲ್ಲಿ ಒಬ್ಬ ಏಳಲು ಪಂಚೆ ಕೊಡವಿದ.

ನನಗೆ ಹೆದರಿಕೆಯಾಯಿತು. ಗೊತ್ತಿಲ್ಲದ್ದನ್ನು ಗೊತ್ತಿದೆ ಎಂದು ದೇವರ ಮುಂದೆ ಹೇಳಬೇಕು. ಹೇಳದಿದ್ದರೆ ಈ ಮುದುಕಿ ಬೆಂಕಿ ನೀರಿಲ್ಲದೆ ಗುಡ್ಡದ ಮಗ್ಗುಲಲ್ಲಿ ಸಾಯುತ್ತಾಳೆ, ಅದೂ ನಾವು ಕೊಟ್ಟ ಪೂರಾ ಅಂಕದಿಂದ. ಚಪ್ಪಲಿ ಬಿಟ್ಟು ಮುಂದೆ ಹೋಗಿ, ಬಗ್ಗಿ, ಕಂಬಳಿಯ ಮೇಲೆ ಅಂಗೈ ಇಟ್ಟೆ. "ಇದು ಕಾಯಿಲೆಯೇ. ಈಯಮ್ಮನ ತಪ್ಪಿಲ್ಲ. ಸುಳ್ಳಾದರೆ ನನ್ನ ಮೇಲಿರಲಿ" ಅಂದೆ. ಕೈಯೆತ್ತಿದಾಗ ಅರಿಶಿನ ಮೆತ್ತಿಕೊಂಡಿತ್ತು. ಡಾಕ್ಟರು ನನ್ನನ್ನು ನೋಡಲಿಲ್ಲ.

"ಔಷ್ದ ಐತಾ?" ಯಜಮಾನರು ಕೇಳಿದರು.

"ಇಲ್ಲ. ಇನ್ನೂ ಹೆಚ್ಚಾಗುತ್ತೆ."

ಅವರು ಕಂಬಳಿಯ ಕಡೆ ತಿರುಗಿ ತೀರ್ಪು ಹೇಳಿದರು. "ಸರಿ. ಅಟ್ಟಿಯಾಗೇ ಇರ್ಲಿ. ಇನ್ಮ್ಯಾಲೆ ಈಯಮ್ಮ ಏನ್ ಅಂದ್ರೂ ಕೂಸು ಅಂದಂಗೆ, ಯಾರೂ ಮನ್ಸಿಗ್ ಆಕ್ಕಾಬಾರ್ದು. ಗುಡಿ ಸಾರ್ಸೋ ಕೆಲ್ಸ ಬ್ಯಾರೇರ್ಗೆ." ಜನ ಎದ್ದರು. ಅಜ್ಜಿಯ ವಾಸಕ್ಕೆ ಜಾಗ ಉಳಿಯಿತು. ಅವಳ ಮಾತಿಗೆ ಮಾತ್ರ ಇನ್ನು ಬೆಲೆಯಿಲ್ಲ, ಅದೂ ನನ್ನ ಕೈಯಿಂದಲೇ ಆಯಿತು. ಗೆದ್ದೆ ಎಂದು ನನಗೆ ಅನ್ನಿಸಲಿಲ್ಲ. ಎಲ್ಲಾದರೂ ಬಿದ್ದುಕೊಂಡರೆ ಸಾಕಾಗಿತ್ತು.

ಡಾಕ್ಟರು ಜೀಪಿನ ಕಡೆ ನಡೆದರು. ನಾನು ಚಪ್ಪಲಿ ಮೆಟ್ಟಿಕೊಳ್ಳುವಾಗ ಹೆಂಗಸರ ಗುಂಪಿನಿಂದ ಸೊಸೆ ಬಂದಳು.

"ಅಕ್ಕಾ, ನನ್ ಕೂಸು ಓದ್ ದಿನ ನಕ್ಳಲ್ಲಾ. ಅದೂ ಈ ಕಾಯ್ಲೇನಾ?"

"ಅದೂ ಕಾಯಿಲೆಯೇ."

"ಅವ್ಳಿಗೆ ನನ್ ಕೂಸಿನ್ ಮ್ಯಾಲೆ ಆಸೆ ಇತ್ತಾ ಅಂಗಾರೆ?"

"ಇತ್ತು" ಅಂದೆ. ಯಾರೂ ಇದಕ್ಕೆ ಕಂಬಳಿ ಮುಟ್ಟು ಅನ್ನಲಿಲ್ಲ.

ಅವಳು ಸೆರಗಿನ ತುದಿಯನ್ನು ಬಾಯಿಗೊತ್ತಿಕೊಂಡು ನಿಂತಳು. ಆಮೇಲೆ ಮರದ ಬುಡಕ್ಕೆ ಹೋದಳು. ಅಲ್ಲಿ ಅಜ್ಜಿ ಒಬ್ಬಳೇ ಉಳಿದಿದ್ದಳು.

"ಅತ್ತೇ, ಏಳು, ಉಣ್ಣಾಕ್ ಬಾ."

ಅಜ್ಜಿ ತಲೆ ಎತ್ತಲೂ ಇಲ್ಲ. "ಏನ್ ಸಾರು?" ಅಂದಳು.

"ಉಳ್ಳಿಕಾಳ್ ಸಾರು" ಅಂದಳು ಸೊಸೆ. ಅವಳ ದನಿ ಒಡೆದಿತ್ತು. ಅಜ್ಜಿಗೆ ಅದು ತಿಳಿಯಲಿಲ್ಲ, ಎದ್ದು ಬಿರಬಿರನೆ ಮನೆಯ ಕಡೆ ನಡೆದಳು.